ಪರದೆ ತಿರುಗಿಸುವ ತಹಸೀನ್

ಗುಡಗೇರಿಯ ಸ್ಟೇಷನ್ ರಸ್ತೆಯ ತಹಸೀನ್ ಯಾರ ಕಂಪ್ಯೂಟರನ್ನು ರಿಪೇರಿಗೆ ತೆಗೆದುಕೊಂಡರೂ ಮೊದಲು ಮಾಡುವ ಕೆಲಸವೆಂದರೆ ಅದರ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸುವುದು. ಆಮೇಲೆ ಮೇಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡವಾಗಿ ತೂರಿಕೊಂಡು, ಸ್ಟೂಲಿನ ಮೇಲೆ ಕುಳಿತು, ಯಂತ್ರ ತಂದವರ ಮುಖವನ್ನು ಒಮ್ಮೆ ದಿಟ್ಟಿಸಿ ನೋಡುತ್ತಾಳೆ. ಇಣುಕುವ ಆಸೆ ಆ ಮುಖದಲ್ಲಿ ಎಳ್ಳಷ್ಟೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಕೈ ಕೀಲಿಮಣೆಗೆ ಹೋಗುವುದು. ಕಾಳಿನ ವ್ಯಾಪಾರಿ ಹನಮಂತಪ್ಪನವರು ಒಮ್ಮೆ ತಮ್ಮ ಯಂತ್ರ ಸರಿಯಾದ ಖುಷಿಯಲ್ಲಿ, "ಏನಾಗಿತ್ತವಾ ತಂಗಿ ಇದಕ್ಕ?" ಎಂದು ಕೇಳಿದ್ದರು. "ಹೇಳಿದ್ರ ತಿಳಿಯೂದಿಲ್ರಿ. ಸುರು ಆತಲ್ಲ, ಒಯ್ರಿ" ಎಂಬ ಉತ್ತರ ಬಂದಿತ್ತು. ಅವರು ಮತ್ತೆಂದೂ ಕೇಳಲಿಲ್ಲ.

ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುವಾಗ ಹೊಲಿಸಿಕೊಂಡ ನೀಲಿ ಕೋಟನ್ನು ಆಕೆ ಇಂದಿಗೂ ಬಿಟ್ಟಿಲ್ಲ. ತೋಳು ಗಿಡ್ಡವಾಗಿದೆ, ಬಣ್ಣ ಬೂದಿಗೆ ತಿರುಗಿದೆ, ಜೇಬುಗಳಲ್ಲಿ ತುಂಬಿದ ಸ್ಕ್ರೂಗಳು ನಡೆದಾಗಲೆಲ್ಲ ಸಣ್ಣಗೆ ಸದ್ದು ಮಾಡುತ್ತವೆ. ನಡಿಗೆಯೋ, ಬಸ್ಸು ತಪ್ಪಿಹೋಗುತ್ತಿದೆ ಎಂಬ ಧಾವಂತದ್ದು. ಮಾತೋ, ಯಾರನ್ನು ಯಾರು ಹೊಗಳಿದರೂ "ಅದೇನ ದೊಡ್ಡದಲ್ಲ ಬಿಡ್ರಿ" ಎಂದು ಕೊಡವಿಬಿಡುವಂಥದ್ದು. ಆದರೆ ಒಂದು ವಸ್ತುವಿನ ಮುಂದೆ ಮಾತ್ರ ಆ ಮಾತು ಆಕೆಯ ಬಾಯಿಂದ ಬರುವುದಿಲ್ಲ. ಯಾರದಾದರೂ ಮನೆಯಲ್ಲಿ ನವಲಗುಂದದ ಜಮಖಾನ ಹಾಸಿದ್ದರೆ ಆಕೆ ಅದರ ಮೇಲೆ ಕೂರಳು. ಮಂಡಿಯೂರಿ, ಮೂಲೆಯಲ್ಲಿ ನೇಯ್ದ ನವಿಲನ್ನು ಬೆರಳಿನಿಂದ ತಡವಿ, ಅಂಚನ್ನು ಮಗುಚಿ, ತಪ್ಪು ಹುಡುಕುತ್ತಾಳೆ. ಸಿಕ್ಕರೆ ಆ ದಿನವೆಲ್ಲ ಸಮಾಧಾನ. ಸಿಗದಿದ್ದರೆ ಅದು ತಮ್ಮನ ಹೆಂಡತಿ ಮುಬಶಿರಾ ನೇಯ್ದದ್ದೇ ಇರಬೇಕೆಂದು ತನ್ನಷ್ಟಕ್ಕೆ ತೀರ್ಮಾನಿಸಿ, ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಾಳೆ.

ಇದಕ್ಕೆ ಕಾರಣ ನವಲಗುಂದದಲ್ಲಿರುವ ಆಕೆಯ ತವರುಮನೆಯ ಪದ್ಧತಿ. ಅಲ್ಲಿ ಮಗ್ಗದ ವಿದ್ಯೆಯನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಇನ್ನೊಂದು ಮನೆಗೆ ಹೋಗುವವಳು, ವಿದ್ಯೆಯೂ ಅವಳ ಬೆನ್ನು ಹತ್ತಿ ಹೋದೀತು ಎಂಬ ಭಯ. ತಾಯಿ ರಾಜಮಾಬಿ ಗೋಡೆಗಾತು ನಿಂತ ಮಗ್ಗದ ಮುಂದೆ ಕುಳಿತರೆ ಪುಟ್ಟ ತಹಸೀನ್ ಪಕ್ಕದಲ್ಲಿ ನೂಲಿನ ಉಂಡೆ ಹಿಡಿದು ಕೂರುತ್ತಿದ್ದಳು. ನವಿಲಿನ ಕತ್ತು ತಿರುಗುವ ಜಾಗ ಬಂತೆಂದರೆ, ಎಳೆ ಎಲ್ಲಿ ಬದಲಾಗುತ್ತದೆಂದು ಕಣ್ಣರಳಿಸಿ ನೋಡುವಷ್ಟರಲ್ಲಿ, "ಚಹಾ ಮಾಡ ಹೋಗ" ಎಂಬ ಆಜ್ಞೆ. ಚಹಾ ಮಾಡಿಕೊಂಡು ಬರುವ ಹೊತ್ತಿಗೆ ನವಿಲು ಕತ್ತು ತಿರುಗಿಸಿ ಆಗಿರುತ್ತಿತ್ತು. ಮುಂದೆ ಮುಬಶಿರಾ ಸೊಸೆಯಾಗಿ ಬಂದಳು. ಅವಳ ಬೆರಳುಗಳನ್ನು ರಾಜಮಾಬಿ ತನ್ನ ಬೆರಳುಗಳಲ್ಲಿ ಹಿಡಿದು ಎಳೆಯಿಂದ ಎಳೆಗೆ ನಡೆಸಿದ್ದನ್ನು ತಹಸೀನ್ ಬಾಗಿಲಲ್ಲಿ ನಿಂತು ನೋಡಿದಳು. ಅಂದು ಹೊತ್ತಿಕೊಂಡ ಹೊಟ್ಟೆಕಿಚ್ಚು ಈವರೆಗೂ ಆರಿಲ್ಲ.

ಈಚೆಗೆ ರಾಜಮಾಬಿಯ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿ, ನೆನಪೂ ಅಲ್ಲಲ್ಲಿ ಮಸುಕಾಗತೊಡಗಿತು. ಆಗ ಮುಬಶಿರಾ ಅತ್ತೆಯ ಬಾಯಿಂದ ಒಂದೊಂದೇ ನಕ್ಷೆಯನ್ನು ಕೇಳಿಕೊಂಡು, ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಣ್ಣ ತುಂಬಿ ಉಳಿಸಿದಳು. ಹೀಗಿರಲು ಒಂದು ದಿನ ಗುಡಗೇರಿಯ ನಾದಿನಿಗೆ ಅವಳ ಫೋನು ಬಂತು.

"ಆಪಾ, ಹೊಸಾ ಸಿಸ್ಟಮ್ ಹಾಕೂಣೇನ ಅಂತ ಕಂಪ್ಯೂಟರ್ ದಿನಾ ಕೇಳತಿತ್ರಿ, ಹೂಂ ಅಂತ ಒತ್ತಿಬಿಟ್ಟೆ. ಈಗ ನೋಡಿದ್ರ ಎರಡನೇ ಡಿಸ್ಕ್ ಕಾಣವಲ್ತು. ಅಮ್ಮಾನ ನಕ್ಷಿ ಎಲ್ಲಾ ಅದರಾಗ ಇದ್ದವು."

"ಇನ್ನೊಂದ ಕಡೆ ಕಾಪಿ ಇಟ್ಟಿಲ್ಲೇನ?"

"ಅಮ್ಮಾ ಇಡಗೊಡಲಿಲ್ರಿ. ಎರಡ ಕಡೆ ಇದ್ರ ಮನಿ ಬಿಟ್ಟ ಹೊಕ್ಕಾವು ಅಂದ್ರು."

ತಹಸೀನಳಿಗೆ ಸಂತೋಷವಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಗಳಿಗೆ ಕೊಡದೆ ಕಾಪಾಡಿದ್ದು ಯಾರಿಗೂ ಇಲ್ಲದಂತಾಯಿತಲ್ಲ ಎಂಬ ಕಹಿಯಾದ ಸಂತೋಷ. ಆದರೂ ಆಕೆ ಕೋಟು ತೊಟ್ಟು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನಕ್ಕೆ ತವರುಮನೆಯ ಹೊಸ್ತಿಲಲ್ಲಿದ್ದಳು. ಅಷ್ಟು ಬೇಗ ಹೋದದ್ದು ಯಾಕೆಂದು ಕೇಳಿದ್ದರೆ ಆಕೆಗೇ ಹೇಳಲು ಬರುತ್ತಿರಲಿಲ್ಲ.

ಕಂಪ್ಯೂಟರ್ ಇದ್ದದ್ದು ಮಗ್ಗದ ಕೋಣೆಯಲ್ಲೇ. ಮಂಚದ ಮೇಲೆ ರಾಜಮಾಬಿ ಕುಳಿತಿದ್ದಳು. ಮಗಳನ್ನು ಕಂಡು, "ಬಂದೇನ" ಎಂದಳು, ಅಷ್ಟೇ. ತಹಸೀನ್ ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಬಿಚ್ಚಿ, ವೈರುಗಳನ್ನು ಕಿತ್ತು ಮತ್ತೆ ಸಿಕ್ಕಿಸಿ, ಯಂತ್ರ ಸುರು ಮಾಡಿ, ಡಿಸ್ಕಿನ ಮೇಲೆ ಅಂಗೈ ಇಟ್ಟಳು. ಒಳಗೆ ಸಣ್ಣ ನಡುಕವಿತ್ತು, ಅದು ತಿರುಗುತ್ತಿತ್ತು. ಆಮೇಲೆ ಎಂದಿನಂತೆ ಪರದೆಯನ್ನು ಗೋಡೆಗೆ ತಿರುಗಿಸಿ ಸಂದಿಯಲ್ಲಿ ತೂರಿಕೊಂಡಳು. ಡಿಸ್ಕುಗಳ ಪಟ್ಟಿ ತೆರೆದು ನೋಡಿದರೆ, ಕಾಣೆಯಾಗಿದ್ದ ಡಿಸ್ಕು ಯಾವ ಊನವೂ ಇಲ್ಲದೆ ಅಲ್ಲೇ ಕೂತಿತ್ತು. ಹೊಸ ಸಿಸ್ಟಮ್ ಅದಕ್ಕೆ ಸಿ, ಡಿ ಎಂಬಂಥ ಗುರುತಿನ ಅಕ್ಷರ ಕೊಡುವುದನ್ನು ಮರೆತಿತ್ತು. ಅಕ್ಷರವಿಲ್ಲದ ಡಿಸ್ಕು ಇದ್ದೂ ಕಾಣುವುದಿಲ್ಲ. ಮತ್ತೆ ಡಿ ಎಂದು ಕೊಟ್ಟರೆ ಕೆಲಸ ಮುಗಿಯಿತು.

ಆಕೆ ಕೊಡಲಿಲ್ಲ. 'ಡಿಸ್ಕ್ ಸತ್ತೈತಿ' ಎಂಬ ಒಂದು ಮಾತು ಸಾಕಿತ್ತು. ಈ ಮನೆಯಲ್ಲಿ ಅದನ್ನು ಸುಳ್ಳೆನ್ನಬಲ್ಲವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಮುಬಶಿರಾ ಮೇಜಿನ ಬಾಜು ಬಂದು, ಏನು ನಡೆದಿದೆಯೆಂದು ಕತ್ತು ಚಾಚಿದಳು. ತಹಸೀನ್ ಕಣ್ಣೆತ್ತದೆ, "ಚಹಾ ಮಾಡ ಹೋಗ" ಎಂದಳು.

ಮುಬಶಿರಾ ಒಳಗೆ ಹೋದಳು. ಮಂಚದ ಮೇಲಿಂದ ನಗು ಕೇಳಿಸಿತು. ರಾಜಮಾಬಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಖರೇನ ನನ್ನ ಮಗಳ ನೋಡ ನೀ!"

ಈ ಮಾತಿಗಾಗಿ ತಹಸೀನ್ ಬಾಲ್ಯವಿಡೀ ನೂಲಿನ ಉಂಡೆ ಹಿಡಿದು ಕಾದಿದ್ದಳು. ಬಂದದ್ದು ಈಗ, ಇಂಥದ್ದಕ್ಕೆ. ಅವಮಾನವಾಯಿತು. ನವಿಲಿನ ಕತ್ತು ಬಂದಾಗಲೆಲ್ಲ ಚಹಾಕ್ಕೆ ಕಳಿಸುತ್ತಿದ್ದ ತಾಯಿಯಿಂದ ತಾನೂ ಒಂದನ್ನು ಚೆನ್ನಾಗಿಯೇ ಕಲಿತಿದ್ದೇನೆ ಎಂಬುದು ಆ ಸಂದಿಯಲ್ಲಿ ಕುಳಿತವಳಿಗೆ ತಡವಾಗಿ ಹೊಳೆಯಿತು. ಆಕೆ ಡಿಸ್ಕಿಗೆ ಅಕ್ಷರ ಕೊಟ್ಟಳು. ಕಡತಗಳು ತೆರೆದವು, ನವಿಲುಗಳು ಸಾಲುಸಾಲಾಗಿ ಪರದೆ ತುಂಬಿದವು.

ಚಹಾ ತಂದ ಮುಬಶಿರಾ ಸುದ್ದಿ ಕೇಳಿ ಅತ್ತೇಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, "ಹೆಂಗ ಮಾಡಿದ್ರಿ, ತೋರಸ್ರಿ ಆಪಾ. ಮತ್ತ ಹಿಂಗಾದ್ರ ನಿಮಗ ತ್ರಾಸ ಕೊಡೂದಿಲ್ಲ" ಎಂದಳು.

"ಅದ ತೋರಸೂದಲ್ಲ."

ಮುಬಶಿರಾ ಅತ್ತೆಯ ಕಡೆ ನೋಡದೆಯೇ ಹೇಳಿದಳು: "ನೀವ ಇದನ್ನ ತೋರಸ್ರಿ. ನಾ ನಿಮಗ ನವಿಲಿನ ಕತ್ತ ತೋರಸ್ತೀನಿ."

ರಾಜಮಾಬಿ ಬೇಡ ಎನ್ನಲಿಲ್ಲ. ಇಷ್ಟು ವರ್ಷ ಮುಚ್ಚಿದ್ದ ಬಾಗಿಲು ಹೀಗೆ ಸುಲಭವಾಗಿ ತೆರೆದಿತ್ತು. ತಹಸೀನ್ ಮಗ್ಗವನ್ನು ನೋಡಿದಳು, ಅದರ ಮುಂದಿನ ಖಾಲಿ ಮಣೆಯನ್ನು ನೋಡಿದಳು, ಕೊನೆಗೆ ತಾಯಿಯ ತೊಡೆಯ ಮೇಲೆ ಸೊಟ್ಟಗೆ ಬಿದ್ದಿದ್ದ ಬೆರಳುಗಳನ್ನು ನೋಡಿದಳು.

"ಬ್ಯಾಡ" ಎಂದಳು. "ನಿನ್ನ ಕಡಿಂದ ನನಗ ಬ್ಯಾಡ."

ಚಹಾ ಕುಡಿಯದೆಯೇ ಹೊರಟಳು. ಕೋಟಿನ ಸ್ಕ್ರೂಗಳ ಸದ್ದು ಓಣಿಯ ತಿರುವಿನವರೆಗೂ ಕೇಳಿಸಿತು. ಗುಡಗೇರಿಯ ಅಂಗಡಿಯಲ್ಲಿ ಪರದೆ ಇಂದಿಗೂ ಗೋಡೆಯ ಕಡೆಗೇ ಇದೆ.

ಹೊಟ್ಟೆಕಿಚ್ಚಿನವರನ್ನು ನಾವು ಆಸೆಬುರುಕರೆಂದು ತಿಳಿದು, ಬೇಕಾದ್ದನ್ನು ಕೈಗಿಟ್ಟರೆ ತಣ್ಣಗಾಗುತ್ತಾರೆ ಎಂದುಕೊಳ್ಳುತ್ತೇವೆ. ತಹಸೀನಳಂಥವರು ಕೈಗಿಟ್ಟದ್ದನ್ನು ಅಲ್ಲೇ ಬಿಟ್ಟು ಎದ್ದುಹೋಗುತ್ತಾರೆ. ಅವರಿಗೆ ಬೇಕಾದ್ದು ಒಂದೇ ಒಂದು ಕೈಯಿಂದ ಬರಬೇಕು. ಆ ಕೈಗೆ ಎಳೆ ಹಿಡಿಯುವ ಶಕ್ತಿ ಹೋದ ಮೇಲೂ ಅವರು ಅದನ್ನೇ ಕಾಯುತ್ತಿರುತ್ತಾರೆ.