ನಾಲ್ಕರಲ್ಲಿ ಒಂದು ದೀಪ

೧
ಎಲ್ಲಿಂದ ಶುರು ಮಾಡಲಿ? ಕಾರಿನಿಂದಲೋ, ಜಡೆಯಿಂದಲೋ? ಕಾರಿನಿಂದ ಶುರು ಮಾಡಿದರೆ ನೀವು ಇದನ್ನು ರಿಪೇರಿ ಪುಸ್ತಕ ಅಂದುಕೊಂಡೀರಿ. ಜಡೆಯಿಂದ ಶುರು ಮಾಡಿದರೆ, ‘ಅಯ್ಯೋ, ಮತ್ತೊಬ್ಬ ತಾಯಿ ಕಥೆ ಬರೆಯಲು ಕೂತಳಪ್ಪಾ’ ಎಂದು ಪುಟ ಮಗುಚೀರಿ. ಇರಲಿ, ಜಡೆಯೇ ಸರಿ. ನನ್ನ ಕೈಗೆ ಅದೇ ಅಭ್ಯಾಸ.

ಬೆಳಿಗ್ಗೆ. ತಾಯಿಯೊಬ್ಬಳು ಮಗಳ ತಲೆ ಬಾಚುತ್ತಿದ್ದಾಳೆ. ಮಗಳಿಗೆ ಏಳು ವರ್ಷ, ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಾರೆ. (ಎಲ್ಲರೂ ಎಂದರೆ ಈಗ ತಾಯಿಯೊಬ್ಬಳೇ. ಇದನ್ನು ಮುಂದೆಲ್ಲೋ ಹೇಳೋಣ ಎಂದಿದ್ದೆ, ಬಾಯಿ ತಪ್ಪಿ ಬಂತು.) ಒಂದು ಜಡೆ ಮುಗಿಯಿತು. ಇನ್ನೊಂದಕ್ಕೆ ರಿಬ್ಬನ್ ಇಲ್ಲ. ಕಾರಿನಲ್ಲಿ ಬಿದ್ದಿರಬೇಕು ಎಂದು ತಾಯಿ ಕೀ ಹಿಡಿದು ಹೊರಗೆ ಹೋದಳು. ಗುಂಡಿ ಒತ್ತಿದರೆ ಕಾರು ಕಣ್ಣು ಮಿಟುಕಿಸಲಿಲ್ಲ. ಬೀಗ ತಿರುಗಿಸಿ, ಒಳಗೆ ಕೂತು ಸ್ಟಾರ್ಟ್ ಮಾಡಿದರೆ ಟಕ್ ಎಂದಿತು. ಮತ್ತೊಮ್ಮೆ ಟಕ್. ಆಮೇಲೆ ಅದೂ ಇಲ್ಲ.

೨
ಗೊತ್ತಿರಬೇಕಾದ್ದನ್ನು ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಆಟವಾಡಿಸುವ ತ್ರಾಣ ನನಗಿಲ್ಲ. ಗುಬ್ಬಿಯ ಅಪ್ಪ ಮನೆ ಬಿಟ್ಟು ಹೋಗಿದ್ದಾನೆ. ಬೇರೆ ಊರು, ಬೇರೆ ಮನೆ, ಬೇರೆ ಹೆಂಗಸು. ಗುಬ್ಬಿಗೆ ಹೇಳಿರುವುದು ಮಾತ್ರ, ‘ಅಪ್ಪ ಕೆಲಸದ ಮೇಲೆ ಹೋಗಿದ್ದಾರೆ’ ಎಂದು. ಇವತ್ತು ಶಾಲೆಯ ದಾರಿಯಲ್ಲಿ, ಸ್ಟಿಯರಿಂಗ್ ಹಿಡಿದು, ಮುಖ ನೋಡದೆ ನಿಜ ಹೇಳಿಬಿಡಬೇಕೆಂದು ತಾಯಿ ಮಾತು ಜೋಡಿಸಿಟ್ಟಿದ್ದಳು. ಕಾರೇ ಕೈಕೊಟ್ಟಿತು.

೩
(ಮೊದಲ ಡ್ರಾಫ್ಟ್. ಹೊಡೆದುಹಾಕಿದ್ದು.)

ಎದುರುಮನೆಯ ಟೈಲರ್ ತನ್ನ ಗಾಡಿ ತಂದು ಪಕ್ಕದಲ್ಲಿ ನಿಲ್ಲಿಸಿ, ಅದರ ಬ್ಯಾಟರಿಯಿಂದ ಇದಕ್ಕೆ ತಂತಿ ಕೊಟ್ಟು...

“ಬೇಡ,” ಎಂದಳು ತಾಯಿ, ನನಗೆ.

“ಯಾಕಮ್ಮಾ? ಒಳ್ಳೆ ಮನುಷ್ಯ. ಎರಡು ನಿಮಿಷದ ಕೆಲಸ.”

“ಯಜಮಾನ್ರು ಯಾವಾಗ ಬರ್ತಾರೆ ಅಂತ ಕೇಳ್ತಾರೆ. ಮಗು ಪಕ್ಕದಲ್ಲೇ ನಿಂತಿರುತ್ತೆ. ನೀನು ಉತ್ತರ ಕೊಡ್ತೀಯಾ?”

ನಾನು ಕೊಡಲಾರೆ. ಟೈಲರನ್ನು ಬಂದ ದಾರಿಯಲ್ಲೇ ಕಳಿಸಿದೆ.

೪
ಉಳಿದಿದ್ದು ಜಂಪ್ ಸ್ಟಾರ್ಟರ್. ಇಟ್ಟಿಗೆಯಷ್ಟು ದೊಡ್ಡ ಡಬ್ಬಿ, ಎರಡು ಕ್ಲಿಪ್ಪು; ಸತ್ತ ಬ್ಯಾಟರಿಗೆ ಒಂದು ಗುಟುಕು ಜೀವ ಕೊಡುವಂಥದ್ದು. (ಸತ್ತದ್ದಕ್ಕೆ ಜೀವ! ರೂಪಕ ತಾನಾಗಿಯೇ ಓಡಿಬರುತ್ತಿದೆ. ಬಾಗಿಲು ಹಾಕಿದ್ದೇನೆ.) ಬಿಸಿಲಿಗೆ ಕಾಯುವ ಕಾರಿನಲ್ಲಿ ಅಪ್ಪ ಇದನ್ನು ಬಿಡುತ್ತಿರಲಿಲ್ಲ, ಚಪ್ಪಲಿ ಗೂಡಿನ ಮೇಲೆ ಇಡುತ್ತಿದ್ದ. ಯಾವುದಾದರೂ ಭಾನುವಾರ ಅಪ್ಪ ಮಗಳು ಕೂತು ಗುಂಡಿ ಒತ್ತಿ ದೀಪ ಎಣಿಸುವರು. ನಾಲ್ಕೂ ಉರಿದರೆ ತುಂಬಿದೆ, ಕಡಿಮೆಯಾದರೆ ಚಾರ್ಜಿಗೆ. ಅವನು ಹೋದ ಮೇಲೆ ಎಣಿಸಬೇಕೆಂಬುದೇ ತಾಯಿಗೆ ಹೊಳೆದಿರಲಿಲ್ಲ.

ಅವಳು ಬಾನೆಟ್ ಎತ್ತಿದಳು. ಗುಬ್ಬಿ ಒಂದೇ ಜಡೆಯಲ್ಲಿ ಹೊರಗೆ ಬಂದು ಪಾಠ ಒಪ್ಪಿಸತೊಡಗಿದಳು.

“ಕೆಂಪು ಮೊದ್ಲು, ಪ್ಲಸ್‌ಗೆ. ಕಪ್ಪು ಆಮೇಲೆ. ಎರಡನ್ನೂ ಒಂದಕ್ಕೊಂದು ಮುಟ್ಟಿಸ್ಬಾರ್ದು. ಸ್ಟಾರ್ಟ್ ಆದ್ಮೇಲೆ ಕಪ್ಪನ್ನ ಮೊದ್ಲು ತೆಗೀಬೇಕು. ಅಮ್ಮಾ, ಪ್ಲಸ್ ಮೇಲೆ ಬಿಳಿ ಪುಡಿ ಇದೆ, ಒರೆಸು.”

“ಆಯ್ತು ಮೇಡಂ.”

ಒರೆಸಿದಳು. ಕ್ಲಿಪ್ ಹಾಕಿ ಗುಂಡಿ ಒತ್ತಿದಳು. ಹತ್ತಿದ್ದು ಒಂದೇ ದೀಪ, ಅದೂ ಮಿಣುಕು. ಕಾರು ಟಕ್ ಎಂದಿತು, ಅಷ್ಟೇ.

೫
ಕಾರಿನ ಬ್ಯಾಟರಿ, ಈ ಡಬ್ಬಿ ಎರಡೂ ಒಟ್ಟಿಗೆ ಹೇಗೆ ಖಾಲಿಯಾದವು, ಕಥೆ ಬರೆಯುವವಳ ಅನುಕೂಲಕ್ಕಾ ಎಂದು ನೀವು ಕೇಳಬಹುದು. ಅಲ್ಲ. ಮಗುವಿಗೆ ಕೇಳಿಸದಿರಲಿ ಎಂದು ತಾಯಿ ಸಂಜೆ ಹೊತ್ತು, ನಿಂತ ಕಾರಿನೊಳಗೆ ಕೂತು ಅಳುತ್ತಾಳೆ. ನಿನ್ನೆ ಕಣ್ಣೊರೆಸಿಕೊಂಡು ಎದ್ದು ಬರುವಾಗ ಒಳಗಿನ ದೀಪ ಆರಿಸಲು ಮರೆತಳು. ಅದು ಅವಳಿಗೆ ಗೊತ್ತು. ಇನ್ನೊಂದು ಗೊತ್ತಿರಲಿಲ್ಲ.

“ಗುಬ್ಬೀ, ಇದನ್ನ ಯಾರು ಮುಟ್ಟಿದ್ದು?”

ಮಗು ಬಿಚ್ಚಿದ ಕೂದಲನ್ನು ಬಾಯಲ್ಲಿ ಕಚ್ಚಿಕೊಂಡಿತು. “ಅದ್ರಲ್ಲಿ ಟಾರ್ಚ್ ಇದೆಯಲ್ಲ, ಕಿಟಕೀಲಿ ಹಚ್ಚಿಡ್ತಿದ್ದೆ. ಗೇಟಿನ ದೀಪ ಕೆಟ್ಟೋಗಿದೆ. ಅಪ್ಪ ಬಂದ್ರೆ ದಾರಿ ಕಾಣ್ಬೇಕಲ್ಲ.”

“ದಿನಾನೂ?”

“ಹೂಂ. ನೀನು ಕಾರಲ್ಲಿ ಅಳ್ತಾ ಕೂತಿರ್ತೀಯಲ್ಲ, ಆವಾಗ.”

೬
ಮುಗಿಸಲು ಮೂರು ದಾರಿ ನೋಡಿದೆ.

ಒಂದು: ಡಬ್ಬಿ ಚಾರ್ಜ್ ಆಗುತ್ತದೆ, ಕಾರು ಹೊರಡುತ್ತದೆ, ದಾರಿಯಲ್ಲಿ ತಾಯಿ ಎಲ್ಲವನ್ನೂ ಹೇಳುತ್ತಾಳೆ. (“ನಾನು ಹೇಳಲ್ಲ,” ಎಂದಳು. “ನೀನು ಬೇಕಾದ್ರೆ ಬರ್ಕೋ.”)

ಎರಡು: ಅಪ್ಪ ಗೇಟು ತೆಗೆದು ಬರುತ್ತಾನೆ. ಬರೆದೆ. ಗೇಟು ಕಿರ್ ಎನ್ನುವುದನ್ನೂ ಬರೆದೆ. ಗುಬ್ಬಿ ತಲೆಯೆತ್ತಿ ನೋಡಿಬಿಟ್ಟಳು. ಮಾಡಬಾರದ ಕೆಲಸ ಮಾಡಿದೆ. ಹಾಳೆ ಹರಿದೆ.

ಮೂರನೆಯದನ್ನು ಯೋಚಿಸುವಷ್ಟರಲ್ಲಿ ನನ್ನ ಒಲೆಯ ಮೇಲೆ ಹಾಲು ಉಕ್ಕಿತು.

೭
ಒಲೆ ಒರೆಸಿ ಬಂದು ನೋಡಿದರೆ ಅವರಿಬ್ಬರೂ ನನಗೆ ಕಾಯದೆ ಮುಂದೆ ಹೋಗಿಬಿಟ್ಟಿದ್ದಾರೆ. ಡಬ್ಬಿಯನ್ನು ಗೋಡೆಯ ಪ್ಲಗ್‌ಗೆ ಹಾಕಿ ನೆಲದ ಮೇಲೆ ಕೂತಿದ್ದಾರೆ. ಮೊದಲ ದೀಪ ಮಿನುಗುತ್ತಿದೆ. ತುಂಬುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ, ಶಾಲೆ ಇವತ್ತಿಗೆ ತಪ್ಪಿತು. ತಾಯಿ ಎರಡನೆಯ ಜಡೆಗೆ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದಾಳೆ. ರಿಬ್ಬನ್ ಈಗಲೂ ಕಾರಿನಲ್ಲೇ.

ಮುಖ ನೋಡದೆ ಹೇಳಬೇಕೆಂದಿದ್ದಳಲ್ಲ, ಮಗುವಿನ ಬೆನ್ನು ಅವಳ ಕಡೆಗಿದೆ. ಈಗ ಹೇಳು ಎಂದೆ. ಅವಳ ಬೆರಳು ನಿಂತವು. ಅವಳ ಬಾಯಿಗೆ ಕೊಡಲು ನನ್ನಲ್ಲೂ ಒಂದು ವಾಕ್ಯವಿಲ್ಲ. ಎಷ್ಟು ಹುಡುಕಿದರೂ ಇಲ್ಲ. ಆ ಜಡೆಯನ್ನು ನಾನು ಹೆಣೆದು ಮುಗಿಸುವುದಿಲ್ಲ.

ಗುಬ್ಬಿ ತಿರುಗಲಿಲ್ಲ. ದೀಪ ನೋಡುತ್ತಲೇ ಕೇಳಿದಳು:

“ಅಮ್ಮಾ, ನಾಲ್ಕೂ ಹತ್ತಿದ್ರೂ ಅಪ್ಪ ಬರಲ್ಲ, ಅಲ್ವಾ?”