ಅರ್ಥ ಇಲ್ಲದ ಲಾರಿ

ನಮ್ಮ ಲಾರಿಗೆ ಮೂಗಿತ್ತು. ಎಂಜಿನ್ ಮುಂದಕ್ಕೆ ಚಾಚಿಕೊಂಡಿದ್ದ ಹಳೇ ಕಾಲದ ಗಾಡಿ ಅದು. ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಈರಯ್ಯನವರದು. ಓಡಿಸುತ್ತಿದ್ದವನು ನಾನು, ಅಂಬಣ್ಣ. ನಮ್ಮಪ್ಪ, ಅವರಪ್ಪ ಎಲ್ಲರೂ ಕುರಿ ಕಾದವರು. ನಮ್ಮ ಮನೆತನದಲ್ಲಿ ಸ್ಟೇರಿಂಗ್ ಹಿಡಿದವರಲ್ಲಿ ನಾನೇ ಮೊದಲಿಗ, ಹಾಗಾಗಿ ಒಂದಿಷ್ಟು ಸೊಕ್ಕೂ ಇತ್ತು. ನಮ್ಮವ್ವ ಬೂದೆಮ್ಮನಿಗೆ ಮಾತ್ರ ಇದು ಸರಿಬರಲಿಲ್ಲ. ಕುರಿಯಾದರೆ ತಾನೇ ಎದ್ದು ನಡೆಯುತ್ತದೆ, ಇದನ್ನು ಎಬ್ಬಿಸಬೇಕು ಎಂದು ಊಟಕ್ಕೆ ಕೂತಾಗಲೆಲ್ಲ ಗೊಣಗುತ್ತಿದ್ದಳು.

ಎಪ್ಪತ್ತೆಂಟರ ದಸರೆಗೆ ಈರಯ್ಯನವರ ಹೆಂಡತಿ ಮಹಾಂತಮ್ಮನವರು ಲಾರಿಗೆ ಹೊಸ ಬಣ್ಣ ಹೊಡೆಸಿದರು. ಮಹಾನವಮಿಯ ಪೂಜೆಗೆ ನಿಲ್ಲುವ ಗಾಡಿಯಲ್ಲಿ ಎಲ್ಲೂ ಕರಿ ಕಾಣಬಾರದು ಎಂದು ಅವರ ಹಟ. ಪೇಂಟರನನ್ನು ಗಾಡಿಯ ಕೆಳಗೆ ಮಲಗಿಸಿ, ನಟ್ಟು ಬೋಲ್ಟು ಬಿಚ್ಚಿಸಿ, ಯಾರೂ ಬಗ್ಗಿ ನೋಡದ ಜಾಗಕ್ಕೂ ಹಸಿರು ಬಳಿಸಿದರು. ಬಾಳೆಗಿಡ ಕಟ್ಟಿ, ಕುಂಬಳಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಗ ನಮ್ಮ ಗಾಡಿ ಮದುಮಗಳ ಹಾಗಿತ್ತು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹಬ್ಬ ಮುಗಿಸಿ ಅಕ್ಕಿ ಚೀಲ ಹೇರಿಕೊಂಡು, ಮುಲುಗುತ್ತಾ ಎದ್ದ ಗಾಡಿಯಲ್ಲಿ ದೇವದುರ್ಗಕ್ಕೆ ಹೋದೆ. ಚೀಲ ಇಳಿಸಿ ಹೊರಡಲು ಕೀಲಿ ತಿರುಗಿಸಿದರೆ ‘ಟಕ್’ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದೆ, ಮತ್ತೆ ಟಕ್. ಹೆಡ್‌ಲೈಟು ಹಾಕಿ ನೋಡಿದರೆ ಎಣ್ಣೆ ತೀರಿದ ದೀಪದ ಹಾಗೆ ಕೆಂಪಗೆ ಮಿಣುಕಿತು. ಬಸ್ಸಿಗೆ ಕಾಯುತ್ತಿದ್ದ ಜನರನ್ನು ಕರೆದು ದೂಡಿಸಿದೆ. ನಾಲ್ಕು ಹೆಜ್ಜೆ ಹೋಗುವುದರೊಳಗೆ ಎಂಜಿನ್ ಚಾಲೂ ಆಯಿತು, ಮಾನ್ವಿಯವರೆಗೆ ಒಂದು ಚೂರೂ ತಕರಾರು ಮಾಡದೆ ಓಡಿತು. ಬಂದ್ ಮಾಡಿ ಮತ್ತೆ ಕೀಲಿ ತಿರುಗಿಸಿದರೆ ಅದೇ ಟಕ್.

ಬ್ಯಾಟರಿ ಸತ್ತಿದೆ ಎಂದು ಹೊಸ ಬ್ಯಾಟರಿ ಹಾಕಿದೆವು. ಟಕ್. ಹಾಗಾದರೆ ಎಂಜಿನ್ನನ್ನು ತಿರುಗಿಸುವ ಸೆಲ್ಫ್ ಮೋಟಾರೇ ಹೋಗಿದೆ ಎಂದು ಅದನ್ನು ಬಿಚ್ಚಿ ಬಸ್ಸಿನ ಮೇಲೆ ಹಾಕಿ, ರಾಯಚೂರಿನಲ್ಲಿ ಗ್ಯಾರೇಜು ಇಟ್ಟಿದ್ದ ದಸ್ತಗೀರ್ ಸಾಬರಿಗೆ ಕಳಿಸಿದೆ. ತಮ್ಮಷ್ಟು ಲಾರಿ ಬಿಚ್ಚಿದವರು ನಿಜಾಮನ ಕಾಲದಿಂದ ಯಾರೂ ಇಲ್ಲ ಎಂದು ತಾವೇ ಹೇಳಿಕೊಳ್ಳುವ ಮನುಷ್ಯ. ಮೋಟಾರಿಗೆ ಏನೂ ಆಗಿಲ್ಲ, ನನ್ನ ಗ್ಯಾರೇಜಿನಲ್ಲಿ ಬುಗುರಿಯಂತೆ ತಿರುಗುತ್ತಿದೆ ಎಂದು ಅವರು ವಾಪಸ್ಸು ಕಳಿಸಿದರು. ಗಾಡಿಗೆ ಹಾಕಿದೆ. ಟಕ್. ಅಲ್ಲಿ ತಿರುಗುವುದು ಇಲ್ಲಿ ಯಾಕೆ ತಿರುಗುವುದಿಲ್ಲ? ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಅದರ ಮೇಲೆ ಇನ್ನೊಂದು. ಕೀಲಿ ತಿರುಗಿಸಿ ತಿರುಗಿಸಿ ಸಾಕಾಗಿ, ಎಂಜಿನ್ ಬಂದ್ ಮಾಡಲು ಎಳೆಯುವ ವೈರಿನ ಹಿಡಿಗೆ ಕೈ ಹಚ್ಚಿದರೆ ಚುರ್ ಎಂದಿತು. ಓಡದ ಎಂಜಿನ್ನಿನ ವೈರು ಯಾಕೆ ಕಾಯಬೇಕು? ಎಣ್ಣೆ ನೋಡಿದೆ, ನೀರು ನೋಡಿದೆ. ಬೊಬ್ಬೆ ಎದ್ದ ಬೆರಳು ನೋಡಿದ ನಮ್ಮವ್ವ, ನೀರಮಾನ್ವಿ ಎಲ್ಲಮ್ಮನಿಗೆ ಕಾಯಿ ಒಡೆಸಿ ಬಾ ಎಂದಳು. ಅದನ್ನೂ ಮಾಡಿದೆ. ಕಾಯಿ ಚೆನ್ನಾಗಿ ಒಡೆಯಿತು, ಗಾಡಿ ಮಾತ್ರ ಟಕ್.

ಕೊನೆಗೆ ಮಾನ್ವಿ–ರಾಯಚೂರು ಬಸ್ಸಿನ ಕಂಡಕ್ಟರ್ ಹನುಮಂತ್ರಾಯನಿಗೆ ವೈರು ಕಾಯುವ ಸಂಗತಿ ಹೇಳಿ, ಸಾಬರನ್ನು ಕೇಳಿಕೊಂಡು ಬಾ ಎಂದೆ. ಅವನು ಒಳ್ಳೆಯ ಹುಡುಗನೇ, ಆದರೆ ನಾಟಕದಲ್ಲಿ ಮಂತ್ರಿಯ ಪಾತ್ರ ಮಾಡಿದಾಗಿನಿಂದ ಮಾತನ್ನು ಶುದ್ಧ ಮಾಡುವ ಚಟ ಹತ್ತಿತ್ತು. ಸಂಜೆ ಅವನು ಉತ್ತರ ತಂದಾಗ ನಾನು ಇರಲಿಲ್ಲ, ಈರಯ್ಯನವರಿಗೆ ಹೇಳಿ ಹೋದ. ಮರುದಿನ ಅವರು ನನ್ನನ್ನು ಕರೆಸಿದರು.

“ಅಂಬಣ್ಣ, ದಸ್ತಗೀರ್ ಹೇಳಿ ಕಳಿಸ್ಯಾನ. ಆ ಗಾಡಿ ಇಟ್ಕೊಳ್ಳೂದ್ರಾಗ ಅರ್ಥ ಇಲ್ಲಂತ. ಉಸ್ತಾದನೇ ಕೈ ತೊಳಕೊಂಡ ಮ್ಯಾಲ ನಾವೇನು ಮಾಡೂದು? ರಾಯಚೂರಿನ ಗುಜರಿಯಾಂವಗ ಮಾತು ಕೊಟ್ಟೀನಿ, ಒಯ್ದು ಬಿಟ್ಟು ಬಾ.”

ನಿನ್ನ ಕೆಲಸದ ವಿಚಾರ ಆಮೇಲೆ ನೋಡೋಣ ಎಂದು ಅವರು ಸಮಾಧಾನ ಹೇಳಿದರು. ನನಗೆ ಗೊತ್ತಿತ್ತು, ಲಾರಿ ಹೋದರೆ ನಾನು ಡ್ರೈವರ್ ಅಲ್ಲ. ಆಗಲೇ ನಮ್ಮವ್ವ ಮಾವನ ಹತ್ತಿರ ಕುರಿಮರಿಗಳ ಮಾತು ತೆಗೆದಿದ್ದಳು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಗಿರಣಿಯ ಹಮಾಲರು ಗಾಡಿಯನ್ನು ದೂಡಿ ಚಾಲೂ ಮಾಡಿಕೊಟ್ಟರು. ಎಂಜಿನ್ ಏನೂ ಅರಿಯದ ಕೂಸಿನಂತೆ ಸೊಗಸಾಗಿ ಓಡಿತು. ಇಷ್ಟು ಚೆಂದ ಓಡುವುದನ್ನು ಮುರಿಯಲು ಒಯ್ಯುತ್ತಿದ್ದೇನಲ್ಲ ಎಂದು ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು. ರಾಯಚೂರು ಮುಟ್ಟಿದ ಮೇಲೆ, ಗುಜರಿಗೆ ಹೋಗುವ ಮೊದಲು ಸಾಬರಿಗೆ ನಾಲ್ಕು ಮಾತು ಅಂದೇ ಹೋಗಬೇಕು ಎನ್ನಿಸಿತು. ಎಂಜಿನ್ ಬಂದ್ ಮಾಡದೆ ಗ್ಯಾರೇಜಿನ ಮುಂದೆ ನಿಲ್ಲಿಸಿದೆ.

ನಾನು ಬಾಯಿ ತೆಗೆಯುವ ಮೊದಲೇ ಸಾಬರು ನನ್ನ ಮೇಲೆ ಹರಿಹಾಯ್ದರು. ಹೇಳಿ ಕಳಿಸಿದ್ದನ್ನು ನೋಡಿದೆಯಾ ಎಂದು ಕೇಳಿದರು. ನೋಡುವುದೇನು, ಅರ್ಥ ಇಲ್ಲ ಎಂದು ಹೇಳಿ ಕಳಿಸಿದವರು ನೀವೇ ಅಲ್ಲವೇ ಎಂದೆ ನಾನು. ಹೌದು, ಇಲ್ಲ ಅಂತಲೇ ನೋಡು ಅಂದದ್ದು ಎಂದರು. ಇಲ್ಲದ್ದನ್ನು ನೋಡುವುದು ಹೇಗೆ ಎಂದೆ. ಇಬ್ಬರೂ ಒಂದೇ ಮಾತು ಹೇಳುತ್ತಾ ಒಬ್ಬರಿಗಿಂತ ಒಬ್ಬರು ಜೋರಾಗಿ ಜಗಳಾಡಿದೆವು. ಎದುರಿನ ಚಹದಂಗಡಿಯವರು ಎದ್ದು ಬಂದು ನಿಂತರು.

ಸಾಬರು ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಅಂಗೈ ಬಡಿದರು.

“ಅರ್ಥ ಅಲ್ಲಲೇ, ಅರ್ತ್. ಜಮೀನ್. ನಿನ್ನ ಗಾಡಿಗೆ ಅರ್ತ್ ಇಲ್ಲ.”

ಬ್ಯಾಟರಿಯ ಕರೆಂಟು ವಾಪಸ್ಸು ಹೋಗುವ ದಾರಿಗೆ ಅರ್ತ್ ಎನ್ನುತ್ತಾರೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಹನುಮಂತ್ರಾಯನ ಬಾಯಲ್ಲಿ ಅದಕ್ಕೆ ಮಹಾಪ್ರಾಣ ಹತ್ತಿ, ಗಾಡಿಯ ಜೀವಕ್ಕೇ ಕುತ್ತು ಬಂದಿತ್ತು.

ಅಷ್ಟರಲ್ಲಿ ಸಾಬರು ಒಳಗೆ ಕೈ ಹಾಕಿ ಎಂಜಿನ್ ಬಂದ್ ಮಾಡಿಬಿಟ್ಟರು. ಇನ್ನು ದೂಡುವವರು ಯಾರು ಎಂದು ಕೂಗಿದೆ. ಅವರು ದಪ್ಪನೆಯ ವೆಲ್ಡಿಂಗ್ ವೈರಿನ ತುಂಡು ತಂದು ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಚಾಸಿ ಎನ್ನುವ ಅಡಿಚೌಕಟ್ಟಿಗೆ ಬಿಗಿದು, ಕೀಲಿ ತಿರುಗಿಸು ಎಂದರು. ತಿರುಗಿಸಿದೆ. ಎಂಜಿನ್ ಗುಡುಗಿತು. ವೈರು ತೆಗೆಸಿ ಮತ್ತೆ ತಿರುಗಿಸಿದರೆ ಟಕ್. ಹಚ್ಚಿದರೆ ಮತ್ತೆ ಗುಡುಗು.

ಅವರೊಂದಿಗೆ ನಾನೂ ಕೆಳಗೆ ನುಸುಳಿದೆ. ಎಂಜಿನ್ ಕೂರುವುದು ರಬ್ಬರಿನ ಮೇಲೆ. ಅದರಿಂದ ಚಾಸಿಗೆ ಕರೆಂಟು ಹೋಗಲು ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೊಂದೇ ದಾರಿ. ಆ ಪಟ್ಟಿ ಹಚ್ಚ ಹಸಿರಾಗಿತ್ತು! ಬೋಲ್ಟಿನ ಕೆಳಗೂ ದಪ್ಪ ಬಣ್ಣ. ಬಣ್ಣದೊಳಗೆ ಕರೆಂಟು ಹಾಯುವುದಿಲ್ಲ, ಹಾಗಾಗಿ ಅದು ಬಂದ್ ಮಾಡುವ ಸಣ್ಣ ವೈರಿನ ಒಳಗೇ ನುಗ್ಗಿ ನನ್ನ ಬೆರಳು ಸುಟ್ಟಿತ್ತು. ಸಾಬರು ಪಾಲಿಶ್ ಪೇಪರಿನಿಂದ ಎರಡೂ ಕಡೆ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಪಟ್ಟಿ ತೊಳೆದು ಬಿಗಿದರು. ಮೋಟಾರು ಬಂದ ದಿನವೇ ತಮಗೆ ಇದು ಹೊಳೆಯಬೇಕಿತ್ತು ಎಂದು ಒಪ್ಪಿಕೊಳ್ಳದೆ, ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ ಎಂದರು.

ಗುಜರಿ ಬಜಾರು ಅಲ್ಲಿಂದ ಮುಂದೆಯೇ ಇತ್ತು. ಧಣಿ ಮಾತು ಕೊಟ್ಟಾಗಿತ್ತು. ನಾನು ಲಾರಿಯ ಮೂಗನ್ನು ಮಾನ್ವಿಯ ಕಡೆ ತಿರುಗಿಸಿದೆ. ನೀರಮಾನ್ವಿಯ ಹತ್ತಿರ ಬೇಕೆಂದೇ ಬಂದ್ ಮಾಡಿ ಮತ್ತೆ ಚಾಲೂ ಮಾಡಿ ನೋಡಿದೆ. ಒಬ್ಬನೇ ನಕ್ಕೆ, ಆಮೇಲೆ ಈರಯ್ಯನವರ ನೆನಪಾಗಿ ನಗು ನಿಂತಿತು.

ಗಿರಣಿಯ ಅಂಗಳದಲ್ಲಿ ಕೂತಿದ್ದ ಅವರು, ಹೋದ ಲಾರಿ ವಾಪಸ್ಸು ಬಂದದ್ದನ್ನು ನೋಡಿ ಮೇಲೆದ್ದರು.

“ಯಾಕೋ, ಏನಾತು?”

“ಗಾಡಿಗೆ ಅರ್ತ್ ಇದ್ದಿಲ್ರಿ, ಅಯ್ಯಾರ.”

“ಅದನ್ನ ನಾನ ನಿನಗ ಹೇಳಿದ್ನಲ್ಲ.”

ಬಿಡಿಸಿ ಹೇಳಲು ಹೋದರೆ ನಾಲಿಗೆ ತೊಡರಿತು. ಎಂಜಿನ್ ಬಂದ್ ಮಾಡಿದೆ, ಕೀಲಿ ತಿರುಗಿಸಿದೆ. ಗಾಡಿ ಒಂದೇ ಏಟಿಗೆ ಎದ್ದಿತು.

“ಈಗ ಅದರಿ,” ಎಂದೆ.

ಅವರು ಎಂಜಿನ್ನಿನ ಸದ್ದನ್ನು ಕೇಳುತ್ತಾ ನಿಂತರು. ಆಮೇಲೆ ಗುಜರಿಯವನಿಗೆ ತಾವೇ ಹೇಳುವುದಾಗಿಯೂ, ನಾಳೆ ದೇವದುರ್ಗಕ್ಕೆ ಅಕ್ಕಿ ಹೇರಬೇಕೆಂದೂ ಹೇಳಿ ಒಳಗೆ ಹೋದರು. ಅವರಿಗೆ ಎಷ್ಟು ತಿಳಿಯಿತೋ ಶಿವನೇ ಬಲ್ಲ.

ಮರುವರ್ಷದ ಮಹಾನವಮಿಗೂ ಪೇಂಟರ್ ಬಂದ. ನಾನು ಓಡಿ ಹೋಗಿ ತಡೆಯಬೇಕು ಎನ್ನುವಷ್ಟರಲ್ಲಿ, ಮಹಾಂತಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿಯ ಪಕ್ಕ ಬಗ್ಗಿದ್ದರು. ಸಾಬರು ಉಜ್ಜಿದ ಜಾಗವನ್ನು ಬೆರಳು ಮಾಡಿ ತೋರಿಸುತ್ತಾ ಅವನಿಗೆ ಹೇಳುತ್ತಿದ್ದರು:

“ಎಲ್ಲಾ ಕಡೆ ಹಚ್ಚಪ್ಪಾ, ಅಲ್ಲೊಂದು ಬ್ಯಾಡ. ನಮ್ಮ ಗಾಡೀದು ಅರ್ಥ ಅಲ್ಲೇ ಅದ.”