ಹುರಳಿ ಹರವಿದ ರಸ್ತೆ

ಸಿದ್ದರಾಯ ಗೆಲ್ಲುವುದಿಲ್ಲ ಎಂದು ನನಗೆ ಹೇಳದವರು ಇಂಡಿ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಸೈಕಲ್ಲಿನ ಚೈನಿಗೂ ದನದ ಸರಪಳಿಗೂ ವ್ಯತ್ಯಾಸ ತಿಳಿಯದವರು ಕೂಡ ಚಹಾದಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಉಪದೇಶ ಮಾಡಿದರು. “ಬಸವಂತರಾಯ ಮಾಸ್ತರ, ನಿಮ್ಮ ಹುಡುಗ ಗುಡ್ಡ ಏರೂದ್ರಾಗ ಹುಲಿ ಅದಾನ, ಖರೇ. ಆದ್ರ ನಮ್ಮ ಕಡೆ ಗುಡ್ಡ ಎಲ್ಲೈತ್ರಿ?” ನಾನು ಹೈಸ್ಕೂಲಿನ ಆಟದ ಮಾಸ್ತರ. ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಒಬ್ಬಿಬ್ಬರ ಜೊತೆ ಜಗಳವನ್ನೂ ಆಡಿದೆ. ಆದರೆ ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ನನ್ನ ಹೊಟ್ಟೆ ಉರಿಸುತ್ತಿದ್ದದ್ದು ಅದೇ.

ಸಿದ್ದರಾಯ ಲಚ್ಯಾಣದ ಹತ್ತಿರದ ಕುರಿ ಕಾಯುವ ಮನೆತನದವನು. ಮೈಮೇಲೆ ಮಾಂಸವೆಂಬುದು ಹೆಸರಿಗೂ ಇಲ್ಲ. ಏರು ಬಂದರೆ ಆ ಸಪೂರ ಮೈಯೇ ಅವನ ಆಸ್ತಿ, ಉಳಿದವರು ಏದುಸಿರು ಬಿಡುವಲ್ಲಿ ಇವನು ಹಾಡು ಗುನುಗುತ್ತಿದ್ದ. ಆದರೆ ಬಯಲಲ್ಲಿ ಎದುರುಗಾಳಿ ಹೊಡೆದರೆ ಮುಗಿಯಿತು. ತೊಡೆ ಗಟ್ಟಿಯಿದ್ದವರು ಗಾಳಿಯನ್ನು ಸೀಳಿಕೊಂಡು ಹೋಗುತ್ತಿದ್ದರು, ಇವನು ಒಬ್ಬನೇ ಹಿಂದೆ ಬಿದ್ದು ಒದ್ದಾಡುತ್ತಿದ್ದ. ರಾಜ್ಯ ತಂಡದ ಆಯ್ಕೆಯಲ್ಲಿ ಎರಡು ವರ್ಷ ಕೈಬಿಟ್ಟಿದ್ದರು. ಬರೀ ಏರು ಹತ್ತುವವನು ದಿನಗಟ್ಟಲೆ ನಡೆಯುವ ದೊಡ್ಡ ಪಂದ್ಯ ಗೆಲ್ಲಲಾರ ಎಂಬುದು ಅವರ ತೀರ್ಪು.

ಎರಡು ಸಾವಿರದ ಮೂರನೆಯ ಇಸವಿಯ ಚಳಿಗಾಲದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳನ್ನೂ ಹೊಳೆಯಾಚೆಯ ಗುಡ್ಡವನ್ನೂ ಸುತ್ತುವ ಸೈಕಲ್ ಪಂದ್ಯ ನಡೆಯಿತು. ದಿನಕ್ಕೊಂದು ಓಟ. ಎಲ್ಲ ದಿನಗಳ ಸಮಯವನ್ನು ಕೂಡಿಸಿ, ಕಡಿಮೆ ತೆಗೆದುಕೊಂಡವನು ಗೆದ್ದ ಹಾಗೆ. ಗೆದ್ದವನಿಗೆ ರಾಜ್ಯ ತಂಡದಲ್ಲಿ ಜಾಗ, ಎರಡನೆಯವನಿಗೆ ಚಪ್ಪಾಳೆ. ಮುಂದಿನ ವರ್ಷಕ್ಕೆ ಸಿದ್ದರಾಯನ ವಯಸ್ಸು ಮೀರುತ್ತಿತ್ತು. ಆದ್ದರಿಂದ ಅವನಿಗೆ ಉಳಿದದ್ದು ಇದೊಂದೇ.

ಇಂಡಿಯಿಂದ ಸಿಂದಗಿಗೆ ಹೋದ ದಿನ ಅವನು ಗುಂಪಿನ ಬೆನ್ನಿಗೆ ಅಂಟಿಕೊಂಡು ಗಾಳಿಯಿಂದ ಬಚಾವಾದ. ಹೊಳೆಯಾಚೆ ಬಾದಾಮಿ ಕಡೆಯ ಗುಡ್ಡ ಹತ್ತಿದ ದಿನ ಎಲ್ಲರನ್ನೂ ಹಿಂದೆ ಹಾಕಿ, ಅನಿಲನಿಗಿಂತ ಎರಡು ನಿಮಿಷ ಮುಂದಾದ. ಅನಿಲ ಇಂಡಿಯ ದ್ರಾಕ್ಷಿ ತೋಟದವರ ಮಗ, ಆಳೆತ್ತರದ ಗಟ್ಟಿ ಹುಡುಗ, ಬಯಲಿನಲ್ಲಿ ಅವನಿಗೆ ಸಾಟಿಯಿಲ್ಲ. ಹುಡುಗ ಒಳ್ಳೆಯವನೇ. ಅವನ ಚಿಕ್ಕಪ್ಪ, ಆ ಕಾಕಾನ ಬಗ್ಗೆ ನಾನು ಹಾಗೆ ಹೇಳಲಾರೆ.

ಕೊನೆಯ ದಿನ ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಒಬ್ಬೊಬ್ಬರೇ ಸೈಕಲ್ ಹೊಡೆಯಬೇಕಿತ್ತು. ಮರೆಗೆ ಗುಂಪಿಲ್ಲ, ಜೊತೆಗೆ ಗೆಳೆಯನಿಲ್ಲ. ಹಿಂದುಳಿದವರನ್ನು ಮೊದಲು ಬಿಡುತ್ತಾರೆ, ಎಲ್ಲರಿಗಿಂತ ಮುಂದಿರುವವನನ್ನು ಕಟ್ಟಕಡೆಗೆ. ಬೆಳಗಿನಿಂದ ಮೂಡಗಾಳಿ ಬೀಸುತ್ತಿತ್ತು. ಅನಿಲ ಹೊರಟಾಗ ಅವನ ಕಾಕಾ ತನ್ನ ಜೀಪಿನಲ್ಲಿ ಹತ್ತು ಮಂದಿಯನ್ನು ತುಂಬಿಕೊಂಡು, ಹಾರ್ನು ಬಾರಿಸುತ್ತ, ಅವನ ಬೆನ್ನ ಹಿಂದೆಯೇ ಹೋದ. ಐದು ನಿಮಿಷ ಬಿಟ್ಟು ಸಿದ್ದರಾಯ ಹೊರಟ. ಅವನ ಹಿಂದೆ ಪಂದ್ಯದ ಜೀಪು. ಕಾಸಿಂಸಾಬ ಓಡಿಸುತ್ತಿದ್ದ, ಮುಂದಿನ ಸೀಟಿನಲ್ಲಿ ಪಂದ್ಯದ ತೀರ್ಪು ಕೊಡುವ ಪಂಚರಾದ ಶ್ರೀಶೈಲಪ್ಪನವರು, ಹಿಂದೆ ನಾನು.

“ಗಾಳಿ ಭಾಳ ಐತ್ರಿ ಮಾಸ್ತರ,” ಎಂದ ಕಾಸಿಂಸಾಬ.

“ನನಗ ಕಣ್ಣಿಲ್ಲೇನು? ನೀ ಗಾಡಿ ಹೊಡಿ,” ಎಂದೆ.

ಸಿದ್ದರಾಯ ಹ್ಯಾಂಡಲ್ಲಿನ ಮೇಲೆ ಬಗ್ಗಿ, ಗಲ್ಲವನ್ನು ಎದೆಗೆ ಒತ್ತಿಕೊಂಡು ತುಳಿಯುತ್ತಿದ್ದ. ಎಡವಿಲ್ಲ, ನಿಂತಿಲ್ಲ, ಲಯ ತಪ್ಪಿಲ್ಲ. ಎರಡು ತಿಂಗಳು ಅವನನ್ನು ಇದೇ ಗಾಳಿಗೆ ಅಟ್ಟಿ ಅಟ್ಟಿ ಅವನ ಕೈಯಲ್ಲಿ ಬೈಸಿಕೊಂಡಿದ್ದೆ. ಅರ್ಧ ದಾರಿಯಲ್ಲಿ ಅನಿಲನ ಸಮಯದ ಜೊತೆ ತಾಳೆ ನೋಡಿದರೆ, ಎರಡು ನಿಮಿಷದ ಮುನ್ನಡೆಯಲ್ಲಿ ಅರ್ಧ ನಿಮಿಷವಷ್ಟೇ ಕರಗಿತ್ತು. ಬಯಲಿನಲ್ಲಿ ಇವನು ಉಳಿಯುತ್ತಾನೆ ಎಂದು ಮೊದಲ ಸಲ ಅನ್ನಿಸಿತು.

ಮುಂದೊಂದು ಊರು. ಅದರ ಹೆಸರನ್ನು ನಾನು ಇವತ್ತಿಗೂ ಬಾಯಲ್ಲಿ ತರುವುದಿಲ್ಲ. ಊರು ಹತ್ತಿರವಾಗುತ್ತಿದ್ದಂತೆ ಡಾಂಬರಿನ ಬಣ್ಣ ಬೇರೆಯಾಗಿ ಕಂಡಿತು. ರಸ್ತೆಯ ತುಂಬ ಹುರಳಿ.

ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಕಿತ್ತು ತಂದ ಹುರಳಿಯನ್ನು ಬಳ್ಳಿಸಮೇತ ಹರವಿದರೆ, ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಸೈಕಲ್ಲಿಗೆ ಅದು ಯಮಪಾಶ, ಗಾಲಿಗೆ ಸುತ್ತಿಕೊಂಡರೆ ಬಿಡುವುದಿಲ್ಲ. ಅದಕ್ಕೇ ಹಿಂದಿನ ದಿನ ಡಂಗುರ ಸಾರಿಸಿದ್ದೆವು. ‘ರಸ್ತೆ ಖಾಲಿ ಇಡ್ರಿ, ಎಲ್ಲಾರಕಿಂತ ಮುಂದಿದ್ದವ ಕಡೀಗೆ ಬರ್ತಾನ, ಅವನ ಹಿಂದ ಜೀಪು ಇರತೈತಿ, ಅವ ಹೋದ ಮ್ಯಾಲ ಹರವಿಕೋರ್ರಿ.’ ಊರವರು ಮಾತು ಉಳಿಸಿಕೊಂಡಿದ್ದರು. ಹುರಳಿಯನ್ನೆಲ್ಲ ಬಳಿದು ಪಕ್ಕಕ್ಕೆ ಒಟ್ಟಿ ಕಾದಿದ್ದರು. ಎತ್ತರದ ಅನಿಲ ಬಂದ, ಹಿಂದೆ ಹಾರ್ನು ಬಾರಿಸುವ ಜೀಪು ಬಂತು. ಮುಂದಿರುವವನೆಂದರೆ ಇವನೇ ಎಂದುಕೊಂಡರು. ಜೈಕಾರ ಹಾಕಿ, ಹುರಳಿ ಹರವಿದರು. ಆಮೇಲೆ ಬಂದ ಸೊಣಕಲನನ್ನು ನೋಡಿ ಮೊದಲು ನಕ್ಕರು.

ಸಿದ್ದರಾಯ ಬ್ರೇಕು ಹಿಡಿದ. ಮುಂದಿನ ಗಾಲಿ ಬಳ್ಳಿಯೊಳಗೆ ಹೊಕ್ಕೇಬಿಟ್ಟಿತ್ತು, ಅಡ್ಡ ಬಿದ್ದ. ನಮ್ಮ ಜೀಪು ನಿಂತಿತು. ಅವನು ಎದ್ದವನೇ ಚೈನಿಗೆ ಸಿಕ್ಕ ಬಳ್ಳಿಯನ್ನು ಕೈಯಿಂದ ಹರಿದು ಎಸೆದ, ಸೈಕಲ್ಲನ್ನು ಹೆಗಲಿಗೆ ಏರಿಸಿದ, ಹುರಳಿಯ ಮೇಲೆ ಓಡತೊಡಗಿದ. ಆಗ ಊರವರಿಗೆ ಜೀಪಿನ ಮೇಲಿನ ಪಂದ್ಯದ ಬಾವುಟ ಕಂಡಿತು. ತಪ್ಪು ಗೊತ್ತಾಯಿತು. “ಅಯ್ಯೋ, ಇವನಽ ಏನು!” ಎಂದು ಒಬ್ಬ ಹೆಂಗಸು ಬಾಯಿ ಬಡಿದುಕೊಂಡಳು. ಇಡೀ ಊರೇ ಕೈ ಚಾಚಿಕೊಂಡು ಅವನ ಕಡೆ ನುಗ್ಗಿತು.

ಹೊರಗಿನವರು ಒಂದು ಸಲ ದಬ್ಬಿದರೂ ಸವಾರ ಪಂದ್ಯದಿಂದ ಹೊರಗೆ. ಜೀಪಿನ ಮೇಲೆ ನಿಂತು ಗಂಟಲು ಹರಿದುಕೊಂಡೆ. “ಮುಟ್ಟಬ್ಯಾಡ್ರಿ! ಯಾವನರ ಮುಟ್ಟಿದ್ರ ಕೈ ಮುರೀತೇನಿ! ಸರೀರಿ ಹಿಂದಕ್ಕ!” ಕಾರಣ ಹೇಳುವಷ್ಟು ಪುರುಸೊತ್ತು ಎಲ್ಲಿತ್ತು? ಜನ ಬೆದರಿ ಎರಡು ಕಡೆಗೂ ಸರಿದರು. ಬಾಯಿ ಬಡಿದುಕೊಂಡ ಆ ಹೆಂಗಸಿನ ಕೈ ಚಾಚಿದಂತೆಯೇ ನಿಂತುಬಿಟ್ಟಿತು. ನಾನು ಎತ್ತರದಲ್ಲಿದ್ದೆ, ಎಲ್ಲ ಕಂಡಿತು. ಕೆಳಗೆ ಕೂತಿದ್ದ ಶ್ರೀಶೈಲಪ್ಪನವರಿಗೂ ಕಾಸಿಂಸಾಬನಿಗೂ ಜನರ ಬೆನ್ನು ಬಿಟ್ಟು ಏನೂ ಕಾಣಲಿಲ್ಲ. ಸಿದ್ದರಾಯ ಒಬ್ಬನೇ ಆಚೆ ದಾಟಿ, ಸೈಕಲ್ ಇಳಿಸಿ, ಹತ್ತಿ ಹೋದ.

ಉಳಿದ ದಾರಿಯನ್ನು ಹೇಗೆ ಹೇಳಲಿ? ಮೊಣಕೈಯಿಂದ ರಕ್ತ ಸೋರುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಗಾಳಿ ಇನ್ನೂ ಜೋರಾಯಿತು. ಮುದ್ದೇಬಿಹಾಳದ ಮೊದಲ ಮನೆಗಳು ಕಂಡಾಗ ನಾನು ಗಡಿಯಾರ ನೋಡುವುದನ್ನು ಬಿಟ್ಟೆ, ನೋಡಿದರೆ ಸಾಯುತ್ತೇನೆ ಎನ್ನಿಸಿತು. ಗೆರೆ ದಾಟಿದವನೇ ಸೈಕಲ್ಲಿನ ಸಮೇತ ನೆಲಕ್ಕೆ ಉರುಳಿದ. ಶ್ರೀಶೈಲಪ್ಪನವರು ಲೆಕ್ಕ ಹಾಕಿ, ಎರಡನೆಯ ಸಲ ಹಾಕಿ, ತಲೆ ಎತ್ತಿದರು. ಎರಡು ನಿಮಿಷದಲ್ಲಿ ಏಳು ಸೆಕೆಂಡು ಉಳಿದಿತ್ತು.

ನಾನು ಅತ್ತೆ. ಅದರಲ್ಲಿ ನಾಚಿಕೆಯೇನಿಲ್ಲ. ಸಿದ್ದರಾಯನನ್ನು ಎತ್ತಿಕೊಂಡು ಕುಣಿದೆ. “ಸರ, ಬಿಡ್ರಿ, ಮೊಣಕೈ ಉರೀತೈತಿ,” ಎಂದು ಅವನು ನಗುತ್ತಿದ್ದ.

ಅಷ್ಟರಲ್ಲಿ ಅನಿಲನ ಕಾಕಾ ಬಂದ. “ಪಂಚರಽ, ಹಾದಿಯೊಳಗ ಊರ ಮಂದಿ ಅವನ್ನ ದಬ್ಬಿ ಕಳಿಸ್ಯಾರಂತ. ನಮ್ಮ ಹುಡುಗೂರು ಕೇಳಿಕೊಂಡ ಬಂದಾರ.”

“ಸುಳ್ಳು!” ಎಂದೆ.

“ನೀವು ಅವನ ಮಾಸ್ತರ. ನಿಮ್ಮ ಮಾತು ನಡೆಯೂದಿಲ್ಲ,” ಎಂದರು ಶ್ರೀಶೈಲಪ್ಪನವರು. ಅವರು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. “ನಾನು ನೋಡಿಲ್ಲ. ನೋಡಿದವ್ರು ಬೇಕು.”

ನೋಡಿದವರು ತಾವಾಗಿಯೇ ಬಂದರು. ಒಂದು ಟೆಂಪೋ ಬಂದು ನಿಂತಿತು, ಆ ಊರಿನ ಏಳೆಂಟು ಜನ ಇಳಿದರು. ಮುಂದೆ ಅದೇ ಹೆಂಗಸು, ಹೆಸರು ಗುಂಡವ್ವ. ಕಂಕುಳಲ್ಲಿ ರೊಟ್ಟಿಯ ಗಂಟು. ಬಿದ್ದ ಹುಡುಗನಿಗೆ ಏನಾಯಿತೋ ನೋಡಿಕೊಂಡು, ತಪ್ಪಾಯಿತೆಂದು ಹೇಳಿ ಹೋಗಲು ಬಂದಿದ್ದಳು. ನೆರೆದವರಿಗೆ ಹುರಳಿಯ ಸುದ್ದಿ ಆಗಲೇ ಮುಟ್ಟಿತ್ತು. “ಎಂಥಾ ಊರ್ಬೇ ನಿಮ್ಮದು? ಹುಡುಗ ಬಿದ್ರ ನೋಡಕೋತ ನಿಂತಿದ್ರಂತ?” ಎಂದು ಯಾರೋ ಕೂಗಿದರು. ಗುಂಡವ್ವನ ಮುಖ ಕಪ್ಪಿಟ್ಟಿತು.

ಶ್ರೀಶೈಲಪ್ಪನವರು ಅವಳನ್ನು ಕರೆದರು. “ಖರೇ ಹೇಳವ್ವಾ. ಈ ಹುಡುಗ ನಿಮ್ಮೂರಾಗ ಸಿಕ್ಕೊಂಡಾಗ ನೀವು ಯಾರರ ಕೈ ಹಚ್ಚಿ ದಬ್ಬಿದ್ರೇನು?”

ನಾನು ಬಾಯಿ ತೆರೆದೆ. “ನೀವು ಸುಮ್ನಿರ್ರಿ. ಸಾಕ್ಷಿಗೆ ಹೇಳಿಕೊಡಬ್ಯಾಡ್ರಿ,” ಎಂದು ಗದರಿಸಿದರು. ಸುಮ್ಮನಿದ್ದರೆ ಸಾಕು, ಅವಳು ಇದ್ದದ್ದನ್ನು ಹೇಳುತ್ತಾಳೆ ಎಂದುಕೊಂಡೆ.

ಗುಂಡವ್ವ ಕೂಗಿದವನ ಕಡೆಗೊಮ್ಮೆ ನೋಡಿದಳು, ಸಿದ್ದರಾಯನ ರಕ್ತವನ್ನು ನೋಡಿದಳು, ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು.

“ದಬ್ಬಿದೆವ್ರಿ,” ಎಂದಳು. “ದಬ್ಬಲಾರದ ಇರತೇವೇನ್ರಿ? ಸಿಕ್ಕೊಂಡಾವನ್ನ ನೋಡಕೋತ ನಿಂದ್ರು ಮಂದಿ ಅಲ್ರಿ ನಾವು. ನಾನ ಈ ಕೈಲೆ ಸೀಟ ಹಿಡದು ದಬ್ಬೇನಿ.”

“ಇಲ್ರಿ!” ಸಿದ್ದರಾಯ ಚೀರಿದ. “ಯಾರೂ ಮುಟ್ಟಿಲ್ರಿ ನನ್ನ! ಯವ್ವಾ, ಯಾಕ ಹಿಂಗ ಹೇಳತಿ? ನೀ ಮುಟ್ಟಿಲ್ಲ!”

ಅವಳಿಗೆ ಅದು ಇನ್ನೊಂದು ಅವಮಾನವಾಗಿ ಕಂಡಿತು. “ಮುಟ್ಟಿಲ್ಲ ಅಂತೀಯೇನೋ ತಮ್ಮಾ? ನಿನಗ ಓಡೂ ಧ್ಯಾಸದಾಗ ಎಲ್ಲಿ ಗೊತ್ತಾಗಬೇಕು? ಕೇಳ ಇವ್ರನ್ನ!” ಹಿಂದಿದ್ದವರು ಅವಳ ಮಾನ ಕಾಯಲು ಮುಂದೆ ಬಂದರು. “ನಾನೂ ಕೈ ಹಚ್ಚೇನ್ರಿ,” ಎಂದ ಒಬ್ಬ ಮುದುಕ. “ನಾನೂ ರಿ,” ಎಂದಳು ಇನ್ನೊಬ್ಬಳು. ಒಬ್ಬರಿಗಿಂತ ಒಬ್ಬರು ಜೋರಾಗಿ ದಬ್ಬಿದ್ದರು. ಸಿದ್ದರಾಯ ಇಲ್ಲ ಎಂದಷ್ಟೂ ಅವರು ಹೌದೆಂದರು. ನಾನು ತಡೆಯಲಾರದೆ ಕಿರುಚಿದೆ, ನನ್ನನ್ನು ಇಬ್ಬರು ಹಿಡಿದುಕೊಂಡರು.

ಶ್ರೀಶೈಲಪ್ಪನವರು ಕೈ ಎತ್ತಿದರು. ಊರಿಗೆ ಊರೇ ಸಾಕ್ಷಿ ಹೇಳಿದ ಮೇಲೆ ತಾವೇನೂ ಮಾಡುವಂತಿಲ್ಲ ಎಂದರು. ಸಿದ್ದರಾಯನನ್ನು ತೆಗೆದುಹಾಕಿ ಅನಿಲನ ಹೆಸರು ಕೂಗಿದರು. ಅನಿಲ ತಲೆ ತಗ್ಗಿಸಿಯೇ ಹಾರ ಹಾಕಿಸಿಕೊಂಡ.

ಹಾರ, ಭಾಷಣ ಎಲ್ಲ ಗದ್ದಲದಲ್ಲಿ ಮುಗಿದವು. ದಬ್ಬಿದರೆ ಸೋಲು ಎಂಬುದಾಗಲಿ, ಹಾರ ಯಾರಿಗೆ ಬಿತ್ತು ಎಂಬುದಾಗಲಿ ಗುಂಡವ್ವನಿಗೆ ತಿಳಿದಿರಲಿಲ್ಲ. ಗಂಟು ಬಿಚ್ಚುತ್ತ ನಮ್ಮ ಬಳಿ ಬಂದಳು. “ಮಾಸ್ತರ, ನೀವು ಬೈದ್ರಂತ ಆವಾಗ ಹಿಂದ ಸರದ್ವಿ ರಿ. ಅದು ಮನಸಿಗೆ ಭಾಳ ಹತ್ತಿತ್ತು. ಈಗ ಹೇಳಿ ಮುಗಿಸಿದ್ನಿ. ಇವಗ ಒಂದನೇ ನಂಬರ ಕೊಟ್ರೇನ್ರಿ?”

ಅವಳಿಗೆ ಬಯ್ಯಲೆಂದೇ ಕಾದಿದ್ದೆ. “ಕೊಟ್ರವ್ವಾ,” ಎಂದುಬಿಟ್ಟೆ.

“ಇಲ್ಲ,” ಎಂದ ಸಿದ್ದರಾಯ. ಅವನು ಸೈಕಲ್ಲಿಗೆ ಒರಗಿ ಕೂತಿದ್ದ. “ಕೊಟ್ಟಿಲ್ಲ ಬೇ ಯವ್ವಾ. ದಬ್ಬಿದ್ರ ತಗದ ಹಾಕ್ತಾರ. ನೀ ದಬ್ಬೇನಿ ಅಂದಿ, ತಗದ ಹಾಕಿದ್ರು. ನಾ ಗೆದ್ದಿದ್ನಿ.”

ಅವಳು ಗಂಟು ಅಲ್ಲೇ ನೆಲದ ಮೇಲಿಟ್ಟಳು. ಶ್ರೀಶೈಲಪ್ಪನವರ ಜೀಪು ಬಾಗೇವಾಡಿಯ ರಸ್ತೆ ಹಿಡಿದಿತ್ತು. ಗುಂಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಹಿಂದೆ ಓಡಿದಳು. “ಸಾಹೇಬ್ರ, ಸುಳ್ಳ ಹೇಳೇನ್ರೀ! ದಬ್ಬಿಲ್ರೀ ನಾನು! ಯಾರೂ ದಬ್ಬಿಲ್ರೀ!” ಎಂದು ಕೂಗುತ್ತ ಐವತ್ತು ದಾಟಿದ ಆ ಹೆಂಗಸು ಬರಿಗಾಲಲ್ಲಿ ಓಡಿದಳು. ಗಾಳಿ ಅವಳ ಬೆನ್ನಿಗಿತ್ತು, ಆದರೆ ಜೀಪು ದೂರ ಹೋಗಿತ್ತು.

ಸಿದ್ದರಾಯ ಎದ್ದ. ನಿಲ್ಲಲೂ ಆಗದ ಕಾಲುಗಳಲ್ಲಿ ಸೈಕಲ್ ಹತ್ತಿ ಅವಳ ಹಿಂದೆ ಹೋದ. ನಾನೂ ಓಡುತ್ತ ಹಿಂಬಾಲಿಸಿದೆ. ಊರ ಹೊರಗೆ ಅವಳನ್ನು ಹಿಡಿದು ನಿಲ್ಲಿಸಿದ್ದ. ಅವಳು ಉಸಿರು ಸಿಗದೆ ಅವನ ರಟ್ಟೆ ಹಿಡಿದುಕೊಂಡಿದ್ದಳು.

“ಸಾಕು ಬಾ ಬೇ ಯವ್ವಾ,” ಎನ್ನುತ್ತಿದ್ದ. “ನೀ ದಬ್ಬಿಲ್ಲ ಅಂತ ನನಗ ಗೊತ್ತೈತಿ.”

“ನಿನಗೊಬ್ಬಗ ಗೊತ್ತಿದ್ರ ಏನು ಬಂತೋ ನನ್ನಪ್ಪಾ?” ಎಂದಳು.